ಕಾಫಿ ಉಗುಳದ ಭಾವ

ನನ್ನ ಅಕ್ಕನ ಗಂಡನ ಬಗ್ಗೆ ಬರೆಯುತ್ತಿದ್ದೇನೆ. ಎದುರಿಗೆ ಸಿಕ್ಕಾಗ ನಾನು ಅವನಿಗೆ ‘ಬನ್ನಿ ಭಾವ, ಕೂತ್ಕೊಳ್ಳಿ ಭಾವ’ ಎನ್ನುವವಳೇ. ಅದು ಅಕ್ಕನ ಮುಖ ನೋಡಿ ಕೊಡುವ ಮರ್ಯಾದೆ. ಇಲ್ಲಿ ಅಕ್ಕ ಇಲ್ಲ. ಆದ್ದರಿಂದ ಭಾವ ಬಂದ, ಭಾವ ಹೋದ ಎಂದೇ ಬರೆಯುತ್ತೇನೆ.

ಭಾವ ಕಾಫಿ ಕಾರ್ಖಾನೆಯಲ್ಲಿ ರುಚಿ ನೋಡುವವನಾಗಿದ್ದ. ಹಸಿ ಬೀಜ ತರಿಸಿ, ಹುರಿದು, ಪುಡಿ ಮಾಡಿ, ಪೊಟ್ಟಣ ಕಟ್ಟಿ ಅಂಗಡಿಗಳಿಗೂ ಹೋಟೆಲುಗಳಿಗೂ ಕಳಿಸುವ ಕಾರ್ಖಾನೆ ಅದು. ನಾನೂ ಅಲ್ಲಿಯೇ ಪೊಟ್ಟಣ ಕಟ್ಟುವ ವಿಭಾಗದಲ್ಲಿದ್ದೇನೆ. ಉಳಿದವರೆಲ್ಲ ಕೈಯಿಂದ ದುಡಿದರೆ ಭಾವ ಬಾಯಿಂದ ದುಡಿಯುತ್ತಿದ್ದ. ಕಾರ್ಖಾನೆಯಲ್ಲಿ ಅವನಿಗೆ ‘ನಾಲಿಗೆಯವರು’ ಎಂದು ಹೆಸರು. ಯಾರೋ ಹಿಂದಿನಿಂದ ಆಡಿಕೊಳ್ಳಲು ಇಟ್ಟ ಹೆಸರು ಅದು. ಅವನು ಅದನ್ನು ಬಿರುದು ಎಂದುಕೊಂಡು ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದ.

ರುಚಿ ನೋಡುವುದಕ್ಕೆ ಒಂದು ಕ್ರಮವಿದೆ. ಉದ್ದನೆಯ ಮೇಜಿನ ಮೇಲೆ ಬಿಳಿ ಬಟ್ಟಲುಗಳನ್ನು ಸಾಲಾಗಿ ಇಟ್ಟು, ತರಿತರಿಯಾದ ಪುಡಿ ಹಾಕಿ, ಕುದಿದ ನೀರು ಹೊಯ್ದು ಬಿಡುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಮೇಲೆ ಕಟ್ಟಿದ ಪದರವನ್ನು ಚಮಚದಲ್ಲಿ ಒಡೆದು ವಾಸನೆ ನೋಡಬೇಕು. ಆಮೇಲೆ ಒಂದು ಚಮಚ ಕಾಫಿಯನ್ನು ಸೊರ್ರೆಂದು ಎಳೆದುಕೊಂಡು, ಬಾಯಿ ತುಂಬ ಆಡಿಸಿ, ಪಕ್ಕದ ಬೋಗುಣಿಗೆ ಉಗುಳಬೇಕು. ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಹೋಗುವ ಮೊದಲು ಬಿಸಿನೀರಿನಲ್ಲಿ ಬಾಯಿ ಮುಕ್ಕಳಿಸಬೇಕು. ಈ ಕೆಲಸ ಮಾಡುವವರೆಲ್ಲ ಉಗುಳುತ್ತಾರಂತೆ. ದಿನಕ್ಕೆ ಅಷ್ಟೊಂದು ಬಟ್ಟಲು ಕಾಫಿ ಹೊಟ್ಟೆ ಸೇರಿದರೆ ಮನುಷ್ಯ ಉಳಿಯುತ್ತಾನೆಯೇ?

ಭಾವ ಉಗುಳುತ್ತಿರಲಿಲ್ಲ, ಮುಕ್ಕಳಿಸಿದ ನೀರನ್ನೂ ನುಂಗಿಬಿಡುತ್ತಿದ್ದ. ಕಾಫಿಯ ನಿಜವಾದ ರುಚಿ ಇರುವುದು ಗಂಟಲು ದಾಟಿದ ಮೇಲೆ, ಉಗುಳುವವನು ಅರ್ಧ ಪುಸ್ತಕ ಓದಿ ಎದ್ದುಹೋದ ಹಾಗೆ, ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಹೊಟ್ಟೆ ತುಂಬಿದ್ದರೆ ನಾಲಿಗೆ ಮಂಕಾಗುತ್ತದೆ ಎಂದು ಬೆಳಗಿನ ತಿಂಡಿಯನ್ನೂ ಬಿಟ್ಟಿದ್ದ. ಅವನ ಪಕ್ಕದ ಹಿತ್ತಾಳೆ ಬೋಗುಣಿ ವರ್ಷಾನುಗಟ್ಟಲೆ ಒಂದು ಹನಿ ಉಗುಳನ್ನೂ ಕಾಣದೆ ಫಳಫಳ ಹೊಳೆಯುತ್ತಿತ್ತು. ಅದನ್ನು ಪ್ರತಿ ವಾರ ಉಜ್ಜುವ ಕೆಲಸ ನಮ್ಮ ಪೊಟ್ಟಣದ ಹೆಂಗಸರದ್ದು. ಮಾಲೀಕರು ಹೊರಗಿನವರಿಗೆ ಅದನ್ನು ತೋರಿಸಿ, ನಮ್ಮವರು ಉಗುಳುವ ಪೈಕಿ ಅಲ್ಲ ಎಂದು ನಗುತ್ತಿದ್ದರು. ನಾವು ಉಜ್ಜುತ್ತಿದ್ದೆವು.

ಮನೆಯಲ್ಲೂ ಇದೇ ದರ್ಬಾರು. ನಾನಿರುವುದು ಅದೇ ಮನೆಯ ಮಹಡಿಯಲ್ಲಿ, ದಿನಾ ನೋಡುತ್ತಿದ್ದೆ. ಮದುವೆಯಾಗಿ ಇಪ್ಪತ್ತು ವರ್ಷದ ಮೇಲಾಯಿತು. ಅಕ್ಕ ದಿನಾ ಬೆಳಿಗ್ಗೆ ಕಾಫಿ ಮಾಡಿ ಅವನ ಮುಂದಿಟ್ಟು, ಪರೀಕ್ಷೆಯ ಫಲಿತಾಂಶಕ್ಕೆ ಕಾದವಳ ಹಾಗೆ ಸೆರಗು ಹಿಡಿದು ನಿಲ್ಲುತ್ತಿದ್ದಳು. ಅವನು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿ ತೀರ್ಪು ಕೊಡುತ್ತಿದ್ದ. ನೀರು ಹೆಚ್ಚು ಕುದಿದಿದೆ. ಪುಡಿ ನಿನ್ನೆಯದು. ಹಾಲು ಮುಂದೆ ಬಂದಿದೆ, ಕಾಫಿ ಹಿಂದೆ ಉಳಿದಿದೆ. ಚೆನ್ನಾಗಿದೆ ಎನ್ನುವ ಮಾತು ಮಾತ್ರ ಒಂದು ದಿನವೂ ಆ ಬಾಯಿಂದ ಬಂದದ್ದಿಲ್ಲ. ಅವನು ಹೊರಟ ಮೇಲೆ ಅಕ್ಕ ತನ್ನ ಪಾಲಿನ ಕಾಫಿಯನ್ನು ಅಡುಗೆಮನೆಯಲ್ಲಿ ನಿಂತುಕೊಂಡೇ ಕುಡಿದು ಲೋಟ ತೊಳೆದಿಡುತ್ತಿದ್ದಳು. ಕೂತು ಕುಡಿ ಎಂದು ನಾನು ಹೇಳಿ ಹೇಳಿ ಸಾಕಾಗಿ ಬಿಟ್ಟೆ.

ಇಂಥವನಿಗೆ ಎದೆಯುರಿ ಶುರುವಾಯಿತು. ಬಾರದೆ ಇನ್ನೇನು? ಬೆಳಿಗ್ಗೆ ಬರಿ ಹೊಟ್ಟೆಗೆ ಬಟ್ಟಲುಗಟ್ಟಲೆ ಕಾಫಿ, ಮಧ್ಯಾಹ್ನ ಗಂಟಲವರೆಗೆ ಊಟ, ಉಂಡ ಕೈ ಒಣಗುವ ಮೊದಲೇ ಬೆಂಚಿನ ಮೇಲೆ ಅಡ್ಡಾಗುವುದು. ಮೊದಮೊದಲು ಅವನು ಅದನ್ನು ಬೆನ್ನುಹಿಡಿತ ಎಂದ. ಆಮೇಲೆ ಗಾಳಿ ತುಂಬಿಕೊಂಡಿದೆ ಎಂದ. ಮಾತಿನ ಮಧ್ಯೆ ಹುಳಿತೇಗು ಬಂದು ಮುಖ ಕಿವುಚಿಕೊಂಡರೆ, ಏನೋ ನೆನಪಾದವನ ಹಾಗೆ ಮೇಲೆ ನೋಡುತ್ತಿದ್ದ. ಕೊನೆಗೆ ಒಂದು ದಿನ ಎದೆ ಹಿಡಿದುಕೊಂಡು ಕೂತಾಗ ಅಕ್ಕ ಹೆದರಿ ವೈದ್ಯರ ಹತ್ತಿರ ಎಳೆದುಕೊಂಡು ಹೋದಳು. ನಾನೂ ಜೊತೆಗೆ ಹೋದೆ.

ವೈದ್ಯರು ಕಂಪ್ಯೂಟರ್ ಪರದೆ ನೋಡಿಕೊಂಡೇ ಮಾತಾಡುವ ಆಸಾಮಿ. ಆದರೂ ಪರೀಕ್ಷೆಗಳೆಲ್ಲ ಮುಗಿದ ಮೇಲೆ ಹೇಳಿದ್ದು ಸರಿಯಾಗಿಯೇ ಇತ್ತು. ಹೃದಯಕ್ಕೆ ಏನೂ ಆಗಿಲ್ಲ, ಹೊಟ್ಟೆಯ ಆಮ್ಲ ಮೇಲಕ್ಕೆ ಬರುತ್ತಿದೆ, ಅನ್ನನಾಳ ಕೆಂಪಗಾಗಿದೆ. ಕೆಲವು ತಿಂಗಳು ಕಾಫಿ ಬಿಡಿ. ಬಿಡಲು ಆಗದಿದ್ದರೆ ಉಂಡ ಮೇಲೆ ಒಂದೇ ಒಂದು ಸಣ್ಣ ಲೋಟ, ಬರಿ ಹೊಟ್ಟೆಗೆ ಬೇಡವೇ ಬೇಡ. ಸೋಡಾ, ನಿಂಬೆ, ಕಿತ್ತಳೆ, ಪುದೀನ, ಚಾಕೊಲೇಟು ಇವೆಲ್ಲ ದೂರ. ಉಂಡ ತಕ್ಷಣ ಮಲಗಬೇಡಿ, ಮಂಚದ ತಲೆಕಡೆ ಎತ್ತರ ಮಾಡಿ, ಹೊಟ್ಟೆ ಕರಗಿಸಿ. ಕೆಲಸ ಏನು ಎಂದು ಕೇಳಿದರು. ಭಾವ ಕಾಫಿ ಕಾರ್ಖಾನೆ ಎಂದಷ್ಟೇ ಹೇಳಿದ. ರುಚಿ ನೋಡೋರು ಇವರೇ ಎಂದು ನಾನು ಬಾಯಿ ಹಾಕಿದೆ. ಹಾಗಿದ್ದರೆ ಉಗುಳಿ ಎಂದರು ವೈದ್ಯರು.

ಹೊರಗೆ ಬಂದ ಮೇಲೆ ಭಾವ ಹೇಳಿದ ಮೊದಲ ಮಾತು, ಆ ಮನುಷ್ಯನ ಮೇಜಿನ ಮೇಲೆ ಡಬ್ಬಿಯ ಪುಡಿ ಕಲಸಿದ ಕಾಫಿ ಇತ್ತು, ಅದನ್ನು ಕುಡಿಯುವವನು ನನಗೆ ಹೇಳುತ್ತಾನೆಯೇ ಎಂದು. ಎರಡನೆಯ ಮಾತು, ಈ ವಿಷಯ ಕಾರ್ಖಾನೆಯಲ್ಲಿ ಯಾರ ಕಿವಿಗೂ ಬೀಳಬಾರದು ಎಂದು. ಅದರ ಹಿಂದಿನ ಕಥೆ ನನಗೆ ಗೊತ್ತಿತ್ತು. ಅವನಿಗಿಂತ ಮೊದಲು ಆ ಮೇಜಿನಲ್ಲಿ ಒಬ್ಬ ಮುದುಕರಿದ್ದರು. ಅವರು ನಶ್ಯ ಏರಿಸುತ್ತಾರೆ, ಮೂಗು ಸತ್ತುಹೋಗಿದೆ ಎಂದು ಮಾಲೀಕರ ಕಿವಿ ಊದಿ ಊದಿ ಆ ಕುರ್ಚಿ ಖಾಲಿ ಮಾಡಿಸಿದವನು ಭಾವನೇ. ಈಗ ತನ್ನ ಕುರ್ಚಿಗೂ ಅದೇ ಗತಿಯಾದೀತು ಎಂದು ಮಾತ್ರೆಗಳನ್ನು ಲವಂಗದ ಡಬ್ಬಿಯಲ್ಲಿ ಬಚ್ಚಿಟ್ಟುಕೊಂಡು, ಬಾಯಿ ವಾಸನೆಗೆ ಲವಂಗ ಎಂದು ನುಂಗುತ್ತಿದ್ದ.

ಕಾರ್ಖಾನೆಯಲ್ಲಿ ಕಾಫಿ ಬಿಡಲಿಲ್ಲ. ಮನೆಯಲ್ಲಿ ಮಾತ್ರ ಕಾಫಿ ಬಿಟ್ಟು ಬೇರೆ ಪಾನೀಯ ಆರಿಸುವ ಸಂಭ್ರಮ ಶುರುವಾಯಿತು. ವೈದ್ಯರ ಮಾತು ಬಿಟ್ಟು ಉಳಿದವರೆಲ್ಲರ ಮಾತನ್ನೂ ಕೇಳಿದ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರಿಗೆ ಗೊತ್ತಿಲ್ಲದ ವಿಷಯವೇ ಲೋಕದಲ್ಲಿಲ್ಲ. ಪುದೀನ ತಂಪು, ಕುದಿಸಿ ಕುಡಿಯಿರಿ ಎಂದರು. ಕುಡಿದ. ಬಾಯಿ ತಣ್ಣಗಾಯಿತು, ಎದೆ ಹೊತ್ತಿಕೊಂಡಿತು. ಮೇಷ್ಟ್ರು ಎಲೆ ಬಲಿತಿತ್ತೇನೋ ಎಂದು ಕೈ ತೊಳೆದುಕೊಂಡರು. ಕ್ಷೌರದವನು ಸೋಡಾ ಕುಡಿದರೆ ತೇಗು ಬಂದು ಹಗುರಾಗುತ್ತದೆ ಎಂದ. ತೇಗು ಬಂತು, ಅದರ ಜೊತೆ ಮಧ್ಯಾಹ್ನದ ಊಟವೂ ಅರ್ಧ ದಾರಿ ಬಂತು. ಬಿಸಿನೀರಿಗೆ ನಿಂಬೆ ಹಿಂಡಿ, ಜೇನು ಬೆರೆಸಿ ಕುಡಿದರೆ ಬೊಜ್ಜು ಕರಗುತ್ತದೆ ಎಂದು ಅವನ ತಮ್ಮ ಫೋನಿನಲ್ಲಿ ಹೇಳಿದ. ಉರಿಯುವ ಗಂಟಲಿಗೆ ನಿಂಬೆ ಹಿಂಡಿಕೊಂಡ ಬುದ್ಧಿವಂತನನ್ನು ನಾನು ಮೊದಲ ಸಲ ನೋಡಿದ್ದು ನಮ್ಮ ಮನೆಯ ಊಟದ ಮೇಜಿನಲ್ಲೇ.

ತಣ್ಣನೆಯ ಹಾಲು ಕುಡಿದಾಗ ಉರಿ ನಿಂತಿತು. ಹಾಲೇ ದಾರಿ ಎಂದು ಲೋಟದ ಮೇಲೆ ಲೋಟ ಇಳಿಸಿದ. ಗಟ್ಟಿ ಹಾಲು, ಮೇಲೆ ಕೆನೆ. ಅರ್ಧ ಗಂಟೆಯ ಸುಖಕ್ಕೆ ಅರ್ಧ ದಿನದ ಉರಿ ಕೊಂಡುಕೊಂಡ. ಆಮೇಲೆ ಕಡು ಚಹಾ, ಅದೂ ಕಾಫಿಯ ತಂಗಿಯೇ. ಆಮೇಲೆ ರಾತ್ರಿಯೆಲ್ಲ ತಣ್ಣೀರಿನಲ್ಲಿ ನೆನೆಸಿ ಸೋಸಿದ ಕಾಫಿ, ಅದರಲ್ಲಿ ಹುಳಿ ಕಡಿಮೆಯಂತೆ. ಇರಬಹುದು. ಆದರೆ ಕಡಿಮೆ ಹುಳಿ ಎಂದು ಚೊಂಬುಗಟ್ಟಲೆ ಕುಡಿದರೆ ಹೊಟ್ಟೆ ಏನು ಮಾಡಬೇಕು? ಇಷ್ಟರ ಮೇಲೆ ಪ್ರತಿಯೊಂದನ್ನೂ ಸೊರ್ರೆಂದು ಎಳೆದು, ಕಣ್ಣು ಮುಚ್ಚಿ, ವಿಮರ್ಶೆ ಬೇರೆ. ಪುದೀನಕ್ಕೆ ಆರಂಭ ಜೋರು, ಅಂತ್ಯ ಪೊಳ್ಳು. ಹಾಲಿಗೆ ವ್ಯಕ್ತಿತ್ವ ಇಲ್ಲ. ಎದೆ ಉರಿದು ಕಣ್ಣಲ್ಲಿ ನೀರು ಬಂದರೂ ಜಂಬ ಇಳಿಯಲಿಲ್ಲ.

ನಿಜಕ್ಕೂ ಒಗ್ಗಿದ್ದು ಅಕ್ಕ ಕೊಟ್ಟದ್ದು. ಉಗುರುಬೆಚ್ಚಗಿನ ನೀರು, ಒಮ್ಮೊಮ್ಮೆ ಅದರಲ್ಲಿ ಶುಂಠಿಯ ಒಂದು ತೆಳು ಬಿಲ್ಲೆ, ಊಟವಾಗಿ ಎಷ್ಟೋ ಹೊತ್ತಿನ ಮೇಲೆ ಕೆನೆ ತೆಗೆದ ಹಾಲು ಅರ್ಧ ಲೋಟ. ಗುಟುಕು ಗುಟುಕಾಗಿ ಕುಡಿದ ದಿನ ಅವನು ನೆಮ್ಮದಿಯಾಗಿ ಇರುತ್ತಿದ್ದ. ಆದರೆ ಆ ಫ್ಲಾಸ್ಕನ್ನು ಕಾರ್ಖಾನೆಗೆ ಒಯ್ಯಲು ಅವನಿಗೆ ನಾಚಿಕೆ. ಬಾಣಂತಿಗೆ ಕೊಡೋದನ್ನ ನನಗೆ ಕೊಡ್ತೀಯಾ ಎಂದು ಅದನ್ನು ಮೇಜಿನ ಮೇಲೇ ಬಿಟ್ಟು ಹೋಗುತ್ತಿದ್ದ.

ಇದು ಅವನ ಹೊಟ್ಟೆ, ಅವನ ಹಣೆಬರಹ ಎಂದು ನಾನು ಬಿಟ್ಟುಬಿಡುತ್ತಿದ್ದೆ. ಆದರೆ ಅದರ ಉರಿ ಇನ್ನೊಬ್ಬನಿಗೆ ತಗಲಿತು.

ಕಾರ್ಖಾನೆಯಲ್ಲಿ ಬೀಜ ಹುರಿಯುವವನಿಗೆ ಹೊಗೆಯಣ್ಣ ಎಂದು ಹೆಸರು. ಮೀಸೆ ಬರುವ ಮೊದಲೇ ಆ ಡ್ರಮ್ಮಿನ ಮುಂದೆ ನಿಂತವನು. ಮೊಣಕೈವರೆಗೆ ಸುಟ್ಟ ಕಲೆಗಳು, ಬಟ್ಟೆಗೆ ಎಷ್ಟು ಒಗೆದರೂ ಹೋಗದ ಹೊಗೆಯ ವಾಸನೆ. ಕೆಲಸ ಗೊತ್ತಿದ್ದವನು, ಆದರೆ ಬೆನ್ನುಮೂಳೆ ಎನ್ನುವುದು ದೇವರು ಕೊಡಲು ಮರೆತ ಮನುಷ್ಯ. ಭಾವ ಹೇಳಿದ ಹಳಸಲು ತಮಾಷೆಗೂ ಮೊದಲು ಹಲ್ಲು ಕಿರಿಯುವವನು ಅವನೇ. ನಾಲಿಗೆಯವರು ಎಂದು ಎರಡು ಕೈ ಕಟ್ಟಿ ನಿಲ್ಲುತ್ತಿದ್ದ.

ಕಡಿಮೆ ಹುರಿದ ಬೀಜದಲ್ಲಿ ಹಣ್ಣಿನಂಥ ಒಂದು ಹುಳಿ ಇರುತ್ತದೆ. ಹುರಿದಷ್ಟೂ ಹುಳಿ ಇಳಿದು ಕಹಿ ಏರುತ್ತದೆ. ಹಾಗಾಗಿ ರುಚಿ ನೋಡುವವನು ಹುಳಿ ಎಂದರೆ ಹುರಿಯುವವನು ಮುಂದಿನ ಸಲ ಬೀಜವನ್ನು ಇನ್ನಷ್ಟು ಹೊತ್ತು ಡ್ರಮ್ಮಿನಲ್ಲಿ ಬಿಡಬೇಕು, ಎದುರು ಮಾತಾಡಬಾರದು. ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ ಅದು. ಆ ವರ್ಷ ಭಾವ ಹುಳಿ ಎಂದ. ಹೊಗೆಯಣ್ಣ ಇನ್ನಷ್ಟು ಹುರಿದ. ಮರುವಾರ ಮತ್ತೆ ಹುಳಿ ಎಂದ. ಮತ್ತೆ ಹುರಿದ. ಇನ್ನು ಹುರಿದರೆ ಕರಕಲಾಗುತ್ತೆ ಸಾರ್ ಎಂದು ಒಮ್ಮೆ ಹೊಗೆಯಣ್ಣ ಗೊಣಗಿದನಂತೆ. ನಿನ್ನ ಕೆಲಸ ಬೆಂಕಿ, ನನ್ನ ಕೆಲಸ ರುಚಿ ಎಂದು ಭಾವ ಬಾಯಿ ಮುಚ್ಚಿಸಿದ.

ಪೊಟ್ಟಣ ಕಟ್ಟುವ ನಮಗೆ ಬದಲಾವಣೆ ಕಣ್ಣಿಗೆ ಕಾಣುತ್ತಿತ್ತು. ಕಂದು ಬಣ್ಣದ ಪುಡಿ ಕಪ್ಪಾಯಿತು. ಬೀಜದ ಮೇಲೆ ಎಣ್ಣೆ ಜಿನುಗಿ ಪೊಟ್ಟಣದ ಕಾಗದದ ಮೇಲೆ ಕಲೆ ಬಿಡುತ್ತಿತ್ತು. ಸಂಜೆ ಕೈ ತೊಳೆದರೆ ಒಲೆ ಸಾರಿಸಿದ ನೀರಿನ ಹಾಗೆ ಹರಿಯುತ್ತಿತ್ತು. ಕಾಫಿ ಕುಡಿದರೆ ಸುಟ್ಟ ವಾಸನೆ ಬಿಟ್ಟು ಬೇರೇನಿಲ್ಲ ಎಂದು ಅಂಗಡಿಯವರು ಮೂಟೆಗಟ್ಟಲೆ ವಾಪಸು ಕಳಿಸತೊಡಗಿದರು. ಕೊನೆಗೆ ನಮ್ಮ ದೊಡ್ಡ ಗಿರಾಕಿಗಳಾದ ಹೋಟೆಲಿನವರೂ ಸರಕು ಹಿಂತಿರುಗಿಸಿದರು.

ಮಾಲೀಕರು ಅಪ್ಪ ಮಾಡಿಟ್ಟ ಕಾರ್ಖಾನೆಯಲ್ಲಿ ಬಂದು ಕೂತವರು. ಅವರಿಗೆ ಕಾಫಿಯೂ ಒಂದೇ, ಕಷಾಯವೂ ಒಂದೇ. ಸುಟ್ಟಿದೆ ಎಂದರೆ ಸುಟ್ಟವನು ಯಾರು? ಹುರಿಯುವವನು. ಇಷ್ಟು ಅವರ ತರ್ಕ. ಹೊಗೆಯಣ್ಣನನ್ನು ಎಲ್ಲರೆದುರು ನಿಲ್ಲಿಸಿ ಬೈದರು. ಹೋಟೆಲಿನ ಖರೀದಿ ನೋಡಿಕೊಳ್ಳುವ ಹೆಂಗಸು ಮುಂದಿನ ವಾರ ಸ್ವತಃ ಬರುತ್ತಿದ್ದಾರೆ, ಅವರು ಈ ಸಲವೂ ಬೇಡ ಎಂದರೆ ನೀನು ಮನೆಗೆ ನಡಿ ಎಂದರು. ಭಾವ ಪಕ್ಕದಲ್ಲೇ ನಿಂತಿದ್ದ. ನಾನು ಸ್ವಲ್ಪ ಹೆಚ್ಚು ಹುರಿ ಅಂದಿದ್ದೆ, ಸುಡು ಅಂದಿರಲಿಲ್ಲ ಎಂದ. ಹೊಗೆಯಣ್ಣ ತಲೆ ತಗ್ಗಿಸಿ ಹೌದು ಸಾರ್ ಎಂದ. ಯಾರ ಮೇಲೆ ಹೆಚ್ಚು ಸಿಟ್ಟು ಬಂತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಅದೇ ವಾರ ಭಾವ ಮುಕ್ಕಳಿಸುವ ನೀರೇ ಹುಳಿ ಎಂದ. ನೀರು ಹುಳಿಯಾದರೆ ಕಾಫಿ ಹುಳಿಯಾಗದೆ ಇರುತ್ತದೆಯೇ, ಇಷ್ಟು ದಿನ ತೊಂದರೆ ಇದ್ದದ್ದೇ ಅಲ್ಲಿ ಎಂದು ಏನೋ ಕಂಡುಹಿಡಿದವನ ಹಾಗೆ ಸಾರಿದ. ಮಾಲೀಕರು ತೊಟ್ಟಿ ತೊಳೆಸಲು ಹೇಳಿದರು. ತೊಟ್ಟಿಗೆ ಇಳಿದವರು ಯಾರು? ನಾವು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೋಡೆಯ ಪಾಚಿ ಕೆರೆದು, ತಳದ ಕೆಸರು ಬಾಚಿ ಬೆನ್ನು ಮುರಿದುಕೊಂಡೆವು. ಹೊಸ ನೀರು ತುಂಬಿಸಿದರು. ಹುಳಿ. ಸೋಸುವ ಯಂತ್ರಕ್ಕೆ ಹೊಸ ಬತ್ತಿ ಹಾಕಿಸಿದರು. ಹುಳಿ. ಮಾಲೀಕರ ಮನೆಯಿಂದಲೇ ಕ್ಯಾನಿನಲ್ಲಿ ನೀರು ಬಂತು. ಅದೂ ಹುಳಿ. ನಾವು ಹೆಂಗಸರು ಒಬ್ಬೊಬ್ಬರೇ ಕುಡಿದು ನೋಡಿದೆವು. ನೀರು ನೀರಿನ ಹಾಗೇ ಇತ್ತು.

ಅವತ್ತು ಸಂಜೆ ಮನೆಯಲ್ಲಿ ಅಕ್ಕ ಫ್ಲಾಸ್ಕಿನಿಂದ ಬಗ್ಗಿಸಿ ಕೊಟ್ಟ ನೀರನ್ನು ಕುಡಿದು ಇದೂ ಹುಳಿ ಎಂದ. ಬೆಳಿಗ್ಗೆ ತಿಂಡಿ ತಿಂದು ಇದೇ ನೀರು ಕುಡಿದು ಹಾಯೆನಿಸಿತು ಅಂದ್ರಲ್ಲ ಎಂದಳು ಅಕ್ಕ. ಅವಳ ಒತ್ತಾಯಕ್ಕೆ ಅವತ್ತೊಂದು ದಿನ ಮಾತ್ರ ತಿಂಡಿ ತಿಂದಿದ್ದ. ನಾನು ಲೋಟ ಕಿತ್ತುಕೊಂಡು ಕುಡಿದೆ. ಬೆಚ್ಚಗಿನ ನೀರು, ಅಷ್ಟೇ. ಆಗ ನನಗೆ ಎಲ್ಲ ಬಿಡಿಸಿ ಹೇಳಿದ ಹಾಗೆ ಅರ್ಥವಾಯಿತು. ಹುಳಿ ನೀರಿನಲ್ಲಿರಲಿಲ್ಲ, ಬೀಜದಲ್ಲೂ ಇರಲಿಲ್ಲ. ಹೊಟ್ಟೆಯಿಂದ ಮೇಲೆ ಬಂದು ಇವನ ಗಂಟಲಲ್ಲೇ ಮನೆ ಮಾಡಿಕೊಂಡಿತ್ತು. ಆ ಹುಳಿಯನ್ನು ಓಡಿಸಲು ಒಂದು ಕಾರ್ಖಾನೆಯ ಬೀಜವನ್ನೆಲ್ಲ ಕರಕಲು ಮಾಡಿಸಿದ್ದ.

“ಭಾವ, ಹುಳಿ ಇರೋದು ನಿಮ್ಮ ಬಾಯಲ್ಲಿ. ಅದು ನಿಮಗೂ ಗೊತ್ತು.”

ಅವನು ಬೆಚ್ಚಿಬೀಳಲಿಲ್ಲ. ಅದೇ ನನಗೆ ಅಸಹ್ಯವಾದದ್ದು. ಲೋಟವನ್ನು ಮೇಜಿನ ಮೇಲೆ ತಿರುಗಿಸುತ್ತ ಕೂತ.

“ಹೊಗೆಯಣ್ಣನ್ನ ಮನೆಗೆ ಕಳಿಸ್ತಾರೆ. ನಿಮ್ಮಿಂದಾಗಿ,” ಎಂದೆ.

“ಅವನಿಗೇನು, ಎಲ್ಲಿ ಹೋದ್ರೂ ಒಂದು ಡ್ರಮ್ಮು ಸಿಗುತ್ತೆ,” ಎಂದ ಭಾವ. “ನನಗೆ ಈ ನಾಲಿಗೆ ಬಿಟ್ರೆ ಇನ್ನೇನಿದೆ ಹೇಳು.”

ಹೇಳುವುದಕ್ಕೆ ಬೇಕಾದಷ್ಟಿತ್ತು. ಅಕ್ಕ ಅಲ್ಲೇ ನಿಂತಿದ್ದಳು. ಇಪ್ಪತ್ತು ವರ್ಷ ಅವನ ಮುಂದೆ ಸೆರಗು ಹಿಡಿದು ನಿಂತವಳು ಅವನ ಲೆಕ್ಕದಲ್ಲಿ ಇರಲೇ ಇಲ್ಲ. ಅವಳು ಫ್ಲಾಸ್ಕಿನ ಮುಚ್ಚಳ ಹಾಕಿ ಒಳಗೆ ಹೋದಳು. ಆ ಹೆಂಗಸು ಬರುವ ಮೊದಲು ಮಾಲೀಕರಿಗೆ ನೀವೇ ಹೇಳಿ, ಇಲ್ಲದಿದ್ದರೆ ನಾನು ಹೇಳುತ್ತೇನೆ ಎಂದೆ. ನಾಳೆ ಹೇಳ್ತೀನಿ ಎಂದ. ಆ ನಾಳೆ ಬರಲಿಲ್ಲ. ಒಂದು ದಿನ ಮಾಲೀಕರ ತಲೆ ಕೆಟ್ಟಿತ್ತಂತೆ, ಒಂದು ದಿನ ಅವರಿಗೆ ನೆಂಟರು ಬಂದಿದ್ದರಂತೆ.

ಹೋಟೆಲಿನ ಹೆಂಗಸು ಬಂದರು. ವಯಸ್ಸು ಚಿಕ್ಕದು, ಮಾತು ಕಡಿಮೆ. ಭಾವ ಅವರನ್ನು ನೋಡಿದ ರೀತಿಯಲ್ಲೇ, ಇವಳಿಗೇನು ಗೊತ್ತು ಕಾಫಿ ಎನ್ನುವುದು ಬರೆದಿತ್ತು. ಬಟ್ಟಲು ಜೋಡಿಸಲು ನನ್ನನ್ನು ಕರೆದಿದ್ದರು. ಹೊಗೆಯಣ್ಣ ನೀರು ಕಾಯಿಸಿ ತಂದು, ಗೋಡೆಗೆ ಅಂಟಿಕೊಂಡು ನಿಂತ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಮನೆಗೆ ಕಳಿಸುವುದಾದರೂ ಗೌರವದಿಂದ ಕಳಿಸಲಿ ಎಂದಿರಬೇಕು. ಭಾವ ಎಂದಿನಂತೆ ಬರಿ ಹೊಟ್ಟೆಯಲ್ಲಿ ಬಂದಿದ್ದ, ಲವಂಗದ ಡಬ್ಬಿ ಜೇಬಿನಲ್ಲಿತ್ತು. ಈಗಲಾದರೂ ಹೇಳಿ ಎಂದು ಕಣ್ಣಲ್ಲೇ ಹೇಳಿದೆ. ಅವನು ಬಟ್ಟಲುಗಳ ಕಡೆ ತಿರುಗಿದ.

ಮೊದಲು ಬಿಸಿನೀರಿನ ಗುಟುಕು. ಮುಖ ಕಿವುಚಿಕೊಂಡು, ನೀರೇ ಸರಿಯಿಲ್ಲ, ಹುಳಿ ಹೋಗಿಲ್ಲ ಎಂದ. ಮಾಲೀಕರು ತಕ್ಷಣ ಹೊಗೆಯಣ್ಣನ ಕಡೆ ತಿರುಗಿ, ನೀರು ಕಾಯಿಸುವುದಕ್ಕೂ ನಿನಗೆ ಯೋಗ್ಯತೆ ಇಲ್ಲವೇ ಎಂದರು. ಬೀಜದ ತಪ್ಪಿನ ಮೇಲೆ ನೀರಿನ ತಪ್ಪನ್ನೂ ಅವನ ತಲೆಗೆ ಕಟ್ಟಿದರು. ಹೋಟೆಲಿನ ಹೆಂಗಸು ಅದೇ ನೀರನ್ನು ಒಂದು ಲೋಟಕ್ಕೆ ಹಾಕಿಕೊಂಡು ಕುಡಿದರು.

“ನನಗೇನೂ ಹುಳಿ ಅನ್ನಿಸ್ತಿಲ್ಲ,” ಎಂದರು.

ಮಾಲೀಕರೂ ಕುಡಿದರು. ಗಿರಾಕಿಯ ಮುಖ ನೋಡಿದರು, ಭಾವನ ಮುಖ ನೋಡಿದರು, ಇದ್ದರೂ ಇರಬಹುದು, ಸ್ವಲ್ಪ ಇದ್ದ ಹಾಗಿದೆ ಎಂದರು. ಹೊಗೆಯಣ್ಣನಿಗೂ ಒಂದು ಲೋಟ ಕೊಟ್ಟು, ನೀನೇ ನೋಡು ಎಂದರು. ಅವನು ಕುಡಿದ. ತನ್ನ ಅನ್ನ ಆ ಒಂದು ಗುಟುಕಿನ ಮೇಲೆ ನಿಂತಿದೆ ಎಂದು ಅವನಿಗೆ ಗೊತ್ತಿತ್ತು. ನೀರು ಚೆನ್ನಾಗಿದೆ ಎಂದರೆ ಸಾಕಿತ್ತು.

“ಹೌದು ಸಾರ್, ಸ್ವಲ್ಪ ಹುಳಿ,” ಎಂದ.

ಇಂಥವರನ್ನು ಉಳಿಸಲು ಹೋಗಬೇಕೇ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. ನೀರಿನಲ್ಲೂ ಏನಿಲ್ಲ, ಬೀಜದಲ್ಲೂ ಏನಿಲ್ಲ, ಹುಳಿ ಇರುವುದು ಭಾವನ ಗಂಟಲಲ್ಲಿ, ವೈದ್ಯರು ಕಾಫಿ ಬಿಡಿ ಎಂದು ತಿಂಗಳುಗಳಾದವು, ಹುರಿ ಹುರಿ ಎಂದವರು ಇವರು, ಇವರ ಮಾತು ಕೇಳಿದ್ದೇ ಹೊಗೆಯಣ್ಣ ಮಾಡಿದ ತಪ್ಪು ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. ಜೇಬಿನ ಡಬ್ಬಿಯಲ್ಲಿರುವುದು ಲವಂಗವೇ ಎಂದು ನೋಡಿ ಎಂದೂ ಹೇಳಿದೆ.

ಭಾವನ ಮುಖ ಸುಣ್ಣದ ಗೋಡೆಯಾಯಿತು. ಆದರೂ ನಾಲಿಗೆ ಸೋಲಲಿಲ್ಲ.

“ಮನೆ ಜಗಳನ ಇಲ್ಲಿಗೆ ತರಬೇಡ,” ಎಂದು ನನಗೆ ಹೇಳಿ, ಮಾಲೀಕರ ಕಡೆ ನೋಡಿ ನಕ್ಕ.

ಮಾಲೀಕರೂ ನಗಲು ಸಿದ್ಧರಾದರು. ಹೋಟೆಲಿನ ಹೆಂಗಸು ನಗಲಿಲ್ಲ. ಚಮಚವನ್ನು ಮೊದಲ ಬಟ್ಟಲಿಗೆ ಅದ್ದಿ, ಹಿಡಿ ಕಡೆಯಿಂದ ಅವನ ಮುಂದೆ ಹಿಡಿದರು. ಜಗಳ ಬಿಡಿ, ಇದರ ರುಚಿ ಹೇಳಿ ಎಂದರು. ಭಾವ ಚಮಚ ತೆಗೆದುಕೊಂಡು ಸೊರ್ರೆಂದು ಎಳೆದ. ಆ ಸದ್ದಿಗೆ ಮಾತ್ರ ಏನೂ ಕಡಿಮೆಯಾಗಿರಲಿಲ್ಲ. ಬಾಯಲ್ಲಿ ಆಡಿಸಿದ. ಕಣ್ಣು ಮುಚ್ಚಿದ. ನುಂಗಲು ಹೋದ.

ಗಂಟಲು ಒಪ್ಪಲಿಲ್ಲ. ಕತ್ತಿನ ನರ ಉಬ್ಬಿತು, ಕಣ್ಣಲ್ಲಿ ನೀರು ತುಂಬಿತು. ಕೆನ್ನೆ ಉಬ್ಬಿಸಿಕೊಂಡು ನಮ್ಮೆಲ್ಲರನ್ನೂ ಒಬ್ಬೊಬ್ಬರಾಗಿ ನೋಡಿದ. ಆಮೇಲೆ ಪಕ್ಕಕ್ಕೆ ಬಗ್ಗಿ ಹಿತ್ತಾಳೆ ಬೋಗುಣಿಗೆ ಉಗುಳಿದ. ಹಿಂದಿನ ದಿನವಷ್ಟೇ ನಾನು ಉಜ್ಜಿಟ್ಟ ಬೋಗುಣಿ ಅದು. ಕರಿ ಕಾಫಿ ಅದರ ತಳದಲ್ಲಿ ಹರಡಿಕೊಂಡಿತು. ಭಾವ ಕರ್ಚೀಫಿನಿಂದ ಬಾಯಿ ಒರೆಸಿಕೊಂಡು ಬೋಗುಣಿಯನ್ನೇ ನೋಡಿದ.

“ಹೊಗೆಯಣ್ಣಂದು ತಪ್ಪಿಲ್ಲ,” ಎಂದ ಕೊನೆಗೆ. “ಹುರಿ ಅಂದಿದ್ದು ನಾನೇ.”

ಅವನ ಬಾಯಿಂದ ನಾನು ಕೇಳಿದ ಮೊದಲ ಸರಿಯಾದ ತೀರ್ಪು ಅದು. ಅದೂ ಉಗುಳಿದ ಮೇಲೆ ಬಂತು.

ಹೊಗೆಯಣ್ಣ ಉಳಿದುಕೊಂಡ. ಮತ್ತೆ ಮೊದಲಿನಂತೆ ಹುರಿದ ಬೀಜವನ್ನು ಹೋಟೆಲಿನವರು ಒಪ್ಪಿಕೊಂಡರು. ಅವನು ಕಣ್ಣೀರು ಹಾಕಿಕೊಂಡು ಹೋಗಿ ಕೈ ಮುಗಿದದ್ದು ಯಾರಿಗೆ? ಭಾವನಿಗೆ. ನಾಲಿಗೆಯವರು ದೊಡ್ಡ ಮನಸ್ಸಿನಿಂದ ಒಪ್ಪಿಕೊಂಡರು ಎಂದು ಈಗಲೂ ಹೇಳಿಕೊಂಡು ತಿರುಗುತ್ತಾನೆ. ನನ್ನನ್ನು ಕಂಡರೆ ಮಾತ್ರ, ಗಯ್ಯಾಳಿ ಬಂದಳು ಎನ್ನುವ ಹಾಗೆ ದಾರಿ ಬಿಡುತ್ತಾನೆ. ರುಚಿ ನೋಡುವ ಕುರ್ಚಿಯಲ್ಲಿ ಈಗ ಮಾಲೀಕರೇ ಕೂರುತ್ತಾರೆ, ಹೊಗೆಯಣ್ಣನ ಮುಖ ನೋಡಿಕೊಂಡು ತೀರ್ಪು ಕೊಡುತ್ತಾರೆ, ಚೆನ್ನಾಗಿ ಉಗುಳುತ್ತಾರೆ. ಭಾವನನ್ನು ಗೋದಾಮಿಗೆ ಹಾಕಿದ್ದಾರೆ. ಹಸಿ ಬೀಜದ ಮೂಟೆ ಬಿಚ್ಚಿ ಹುಳು ಹಿಡಿದ ಕಾಳು ಆರಿಸುವುದು ಅವನ ಕೆಲಸ. ಅದಕ್ಕೆ ಕಣ್ಣು ಸಾಕು.

ಮನೆಯಲ್ಲಿ ಮಂಚದ ತಲೆಕಡೆಯ ಕಾಲುಗಳ ಕೆಳಗೆ ಇಟ್ಟಿಗೆ ಬಂದಿದೆ. ಈಗ ತಿಂಡಿ ತಿಂದೇ ಹೊರಡುತ್ತಾನೆ, ಬಗಲಲ್ಲಿ ಫ್ಲಾಸ್ಕು. ಜಂಬ ಪೂರ್ತಿ ಹೋಗಿದೆ ಎಂದರೆ ಸುಳ್ಳಾದೀತು. ನೀರಿನ ಬಗ್ಗೆ ಈಗಲೂ ಭಾಷಣ ಮಾಡುತ್ತಾನೆ. ಶುಂಠಿಯ ಬಿಲ್ಲೆ ದಪ್ಪವಾಯಿತು, ನೀರಿನ ಮೇಲೆ ಸವಾರಿ ಮಾಡುತ್ತಿದೆ ಎನ್ನುತ್ತಾನೆ. ಅಕ್ಕ ಸೆರಗು ಹಿಡಿದು ನಿಲ್ಲುವುದನ್ನು ಬಿಟ್ಟಿದ್ದಾಳೆ.

ಮೊನ್ನೆ ಬೆಳಿಗ್ಗೆ ನಾನು ಮಹಡಿಯಿಂದ ಇಳಿದು ಬಂದಾಗ ಅಕ್ಕ ಅವನ ಮುಂದೆ ಬೆಚ್ಚಗಿನ ನೀರಿನ ಲೋಟ ಇಟ್ಟು, ಒಂದು ಲೋಟ ಕಾಫಿ ತಂದು, ಎದುರಿನ ಕುರ್ಚಿ ಎಳೆದುಕೊಂಡು ಕೂತಳು. ಅವನ ಮುಂದೆ ಅವಳು ಕೂತು ಕಾಫಿ ಕುಡಿದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಭಾವ ತನ್ನ ನೀರು ಮರೆತು ಅವಳ ಲೋಟದ ಹಬೆಯನ್ನೇ ನೋಡುತ್ತಿದ್ದ. ಅವಳು ಎರಡು ಗುಟುಕು ಕುಡಿದಳು. ಅವನ ಕತ್ತಿನ ಗುಬುಟು ಎರಡು ಸಲ ಮೇಲೆ ಕೆಳಗೆ ಆಡಿತು.

“ಹೇಗಿದೆ?” ಎಂದು ಕೇಳಿದ.

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಆ ಮನುಷ್ಯ ಇನ್ನೊಬ್ಬರನ್ನು ರುಚಿ ಕೇಳಿದ್ದು ಅದೇ ಮೊದಲು. ಅಕ್ಕ ಅವಸರ ಮಾಡಲಿಲ್ಲ. ಲೋಟ ಖಾಲಿಯಾಗುವವರೆಗೂ ಕುಡಿದು, ಕೆಳಗಿಟ್ಟು, ಸೆರಗಿನಿಂದ ತುಟಿ ಒರೆಸಿಕೊಂಡಳು.

“ಚೆನ್ನಾಗಿದೆ,” ಎಂದಳು. “ಮೊದಲಿಂದಲೂ ಚೆನ್ನಾಗೇ ಇತ್ತು.”